ಅಪ್‌ಡೇಟ್: ಬರೀ ನಡಿಗೆ ಸಾಕಾ ಅಂತ ಕೇಳಿದ್ದೆ, ಮೂರು ತಿಂಗಳಾಯ್ತು

ನನಗೆ 48 ವರ್ಷ. ಆರು ವರ್ಷದಿಂದ ದಿನಾ 45 ನಿಮಿಷ ನಡೆಯುತ್ತಿದ್ದೆ. ಬೇಜಾರು ಬಂದಿತ್ತು, ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತಿತ್ತು. ಏನು ಬದಲಿಸಲಿ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನಡಿಗೆ ಬಿಡಬೇಡಿ, ಸ್ನಾಯುಗಳಿಗೂ ಕೆಲಸ ಕೊಡಿ ಅಂದಿರಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ ಅಲ್ವಾ? ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ವ್ಯಾಯಾಮ, ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೊದಲನೆಯದು ಆಗುತ್ತಿತ್ತು. ಎರಡನೆಯದನ್ನು ನಾನು ಮುಟ್ಟಿಯೇ ಇರಲಿಲ್ಲ.

ಈಗ ನಾಲ್ಕು ದಿನ ನಡಿಗೆ, ಎರಡು ದಿನ ಬಲದ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿದೆ. ಮೊದಲ ದಿನ ಆರನೇ ಸಲಕ್ಕೇ ತೊಡೆ ಗಡಗಡ ನಡುಗಿತು. ಒಬ್ಬರು ಹೇಳಿದ ಮಾತು ತುಂಬಾ ಕೆಲಸಕ್ಕೆ ಬಂತು: ದೊಪ್ಪನೆ ಕೂರಬೇಡಿ, ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ಇಳಿಯುವಾಗಲೂ ತೊಡೆಗೆ ಒಳ್ಳೆ ಕೆಲಸ ಇದೆ ಅಂತ ಆಗ ಗೊತ್ತಾಯ್ತು. ಈಗ 12ರಂತೆ ಮೂರು ಸುತ್ತು ಮಾಡುತ್ತೇನೆ.

ಎರಡನೇ ವಾರ ಒಂದು ತಪ್ಪಾಯ್ತು. ಹುಮ್ಮಸ್ಸಿನಲ್ಲಿ ಸ್ಕ್ವಾಟ್ (ಕುರ್ಚಿ ಇಲ್ಲದೆ ಮಂಡಿ ಮಡಚಿ ಕೂತು ಏಳುವುದು), ಸೈಕಲ್, ಓಟ ಎಲ್ಲ ಒಟ್ಟಿಗೆ ಸೇರಿಸಿದೆ. ಮಂಡಿ ನೋವು ಬಂದು ನಾಲ್ಕು ದಿನ ಸುಮ್ನೆ ಕೂತೆ. ಆಮೇಲೆ ಎರಡು ವಾರಕ್ಕೆ ಒಂದೇ ಹೊಸದು ಅಂತ ಇಟ್ಟುಕೊಂಡೆ. ಗೋಡೆಗೆ ಕೈ ಊರಿ ಪುಷ್‌ಅಪ್, ಆಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಎಡಗಾಲು ಇನ್ನೂ ಜಾಸ್ತಿ ತೂಗಾಡುತ್ತದೆ.

ನಿನ್ನೆ ಎರಡು ಚೀಲ ಹಿಡಿದು ಮೂರನೇ ಮಹಡಿಗೆ ಹತ್ತಿದೆ. ಮಧ್ಯೆ ನಿಲ್ಲಲಿಲ್ಲ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.