ಸೊಸೈಟಿಯ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರಿಗೆ ಕೊಳೆತ ಮೊಟ್ಟೆ ವಾಸನೆ: ಏನು ಮಾಡೋದು?

ವಾಕಡ್ ಕನ್ನಡಿಗ: ಪುಣೆಯ ವಾಕಡ್‌ನಲ್ಲಿ ನಮ್ಮದು 120 ಮನೆಗಳ ಸೊಸೈಟಿ. ಶುದ್ಧೀಕರಿಸಿದ ನೀರನ್ನು ಫ್ಲಶ್‌ಗೆ, ಗಿಡಗಳಿಗೆ ಬಿಡುತ್ತೇವೆ. ಹದಿನೈದು ದಿನದಿಂದ ಫ್ಲಶ್ ಮಾಡಿದರೆ ದುರ್ವಾಸನೆ, ನೀರಿನ ಬಣ್ಣವೂ ಕಪ್ಪು. ಕ್ಲೋರಿನ್ ಹೆಚ್ಚಿಸಿದರೆ ಸರಿಹೋಗುತ್ತಾ?

ನೀರಿನ ಎಂಜಿನಿಯರ್: ಇಲ್ಲ ಸರ್, ಕ್ಲೋರಿನ್ ಸುರಿದರೆ ವಾಸನೆ ಎರಡು ದಿನ ಅಡಗುತ್ತೆ, ಅಷ್ಟೇ. ಮೊದಲು ತೊಟ್ಟಿಗೆ ಗಾಳಿ ಊದುವ ಯಂತ್ರ, ಅಂದರೆ ಬ್ಲೋವರ್ ನೋಡಿ. ಕರೆಂಟ್ ಉಳಿಸಲು ರಾತ್ರಿ ಆಫ್ ಮಾಡ್ತಿದ್ದಾರಾ? ಗಾಳಿ ನಿಂತರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಹುಟ್ಟುತ್ತೆ. ಗಾಳಿ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಲಿ. ಗುಳ್ಳೆ ಒಂದೇ ಮೂಲೆಯಲ್ಲಿ ಕುದಿಯುತ್ತಿದ್ದರೆ ಅಲ್ಲಿನ ಡಿಫ್ಯೂಸರ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಭಾಗ) ಹರಿದಿರಬಹುದು.

ಇನ್ನೊಂದು ಸುಲಭ ಪರೀಕ್ಷೆ: ಅದೇ ತೊಟ್ಟಿಯ ನೀರನ್ನು 1 ಲೀಟರಿನ ಅಳತೆ ಜಾಡಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಇಡಿ. ಕಂದು ಕೆಸರು ಸುಮಾರು 250–300 ಮಿಲಿ ಗೆರೆಗೆ ಇಳಿದು, ಮೇಲಿನ ನೀರು ತಿಳಿಯಾಗಿದ್ದರೆ ಒಳ್ಳೆಯದು. 100ಕ್ಕಿಂತ ಕಡಿಮೆಯಾದರೆ ಬ್ಯಾಕ್ಟೀರಿಯಾ ಸಾಲದು. ಕೆಸರು ಕಪ್ಪಗಿದ್ದರೆ ಗಾಳಿ ಸಾಲದು.

ಪಿಂಪ್ರಿ ಆಪರೇಟರ್: ಮೇಲಿನವರು ಹೇಳಿದ್ದು ಸರಿ. ಬಿಳಿ ನೊರೆ ಬಂದರೆ ಡಿಟರ್ಜೆಂಟ್ ಅಥವಾ ಎಳೆ ಕೆಸರು. ಜಿಡ್ಡಾದ ಕಂದು ನೊರೆಯಾದರೆ ಕೆಸರು ಹಳೆಯದಾಗಿದೆ, ಸ್ವಲ್ಪ ಸ್ವಲ್ಪವೇ ಹೊರಹಾಕಿ. ಒಂದೇ ದಿನ ಖಾಲಿ ಮಾಡಬೇಡಿ, ಮತ್ತೆ ಬೆಳೆಯಲು ವಾರಗಳೇ ಬೇಕು. ಅಡುಗೆಮನೆಯ ಎಣ್ಣೆ ಹಿಡಿಯುವ ತೊಟ್ಟಿಯನ್ನು ವಾರಕ್ಕೊಮ್ಮೆ ಬಳಿಸಿ.

ದಯವಿಟ್ಟು ಯಾರನ್ನೂ ತೊಟ್ಟಿಯೊಳಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತೆ.

ವಾಕಡ್ ಕನ್ನಡಿಗ: ಬ್ಲೋವರ್ ರಾತ್ರಿ 11ರಿಂದ 6ರವರೆಗೆ ಆಫ್ ಇತ್ತು! ಇವತ್ತಿಂದಲೇ ನಿಲ್ಲಿಸದೆ ಓಡಿಸ್ತೀವಿ. ಜಾಡಿ ಪರೀಕ್ಷೆಯ ಫೋಟೋ ನಾಳೆ ಹಾಕ್ತೀನಿ.