ಗ್ರಾಫ್‌ವಿಜ್: ಒಂದು ವಾಪಸ್ ಬಾಣ ಹಾಕಿದ್ದಕ್ಕೆ ಕಣ ಹೋಗಿ ಗೋಡೌನ್ ಪಕ್ಕ ಕೂತಿದೆ

ಮೂಡಿಗೆರೆ ಮಳೆ:
ನಮಸ್ಕಾರ ಎಲ್ರಿಗೂ. ಕೊಯ್ಲು ಟೈಮಲ್ಲಿ ಕಾಫಿ ತೋಟಕ್ಕೆ ಹೊಸಬರು ಬರ್ತಾರೆ, ಹಣ್ಣು ಬಂದಲ್ಲಿಂದ ಗೋಡೌನ್ ಸೇರೋವರ್ಗೂ ಏನೇನು ಆಗ್ಬೇಕು ಅಂತ ಒಂದು ಚಿತ್ರ ಮಾಡಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಮಶೀನು) ಮನೆ ಗೋಡೆಗೆ ಅಂಟಿಸೋಣ ಅಂತ ಗ್ರಾಫ್‌ವಿಜ್ (ಬಾಕ್ಸು, ಬಾಣ ಬರೆದುಕೊಟ್ರೆ ತಾನೇ ಜೋಡಿಸಿ ಚಿತ್ರ ಮಾಡೋ ಸಾಫ್ಟ್‌ವೇರ್) ಹಿಡ್ಕೊಂಡು ಕೂತಿದೀನಿ. ಪಲ್ಪರ್, ತೊಟ್ಟಿ, ಒಣಗಿಸೋ ಕಣ, ತೇವ ನೋಡೋದು, ಗೋಡೌನ್, ಇಷ್ಟೇ, ಚೆನ್ನಾಗೇ ಬರ್ತಿತ್ತು. ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದ ಬೀಜ) ತೇವ 10 ಪರ್ಸೆಂಟಿಗೆ ಇಳೀದೆ ಇದ್ರೆ ವಾಪಸ್ ಕಣಕ್ಕೆ ಅಂತ ಒಂದು ಬಾಣ ಫೈಲಿನ ಮೊದಲ ಸಾಲಲ್ಲೇ ಹಾಕಿದೆ ನೋಡಿ, ಕಣ ಹೋಗಿ ಗೋಡೌನ್ ಪಕ್ಕ ಕೂತ್ಕೊಳ್ತು! ರ‍್ಯಾಂಕ್‌ಡಿರ್ ಎಲ್‌ಆರ್ ಮಾಡಿದೀನಿ, ಅಂದ್ರೆ ಹಂತಗಳು ಎಡದಿಂದ ಬಲಕ್ಕೆ. ಇನ್ನೊಂದು, ಬಾಕ್ಸ್‌ಗಳು ಅಡ್ಡಕ್ಕೆ ದೂರ ಆಗ್ಲಿ ಅಂತ ನೋಡ್‌ಸೆಪ್ ಜಾಸ್ತಿ ಮಾಡಿದ್ರೆ ಮೇಲೆ ಕೆಳಗೆ ದೂರ ಆಗ್ತಿದಾವೆ. ನನಗೇ ತಲೆ ಕೆಟ್ಟಿದೆಯಾ?

ಹಾಸನದ ಹೈದ:
ಗ್ರಾಫ್‌ವಿಜ್‌ನಲ್ಲೇ ಇರೋ ನಿಯಾಟೋ ಹಾಕಿ ನೋಡಿ ಸಾರ್, ಬೇರೆ ಥರ ಜೋಡಿಸುತ್ತೆ. ನಾನು ಬಸ್ ರೂಟ್ ಮ್ಯಾಪಿಗೆ ಅದೇ ಬಳಸಿದ್ದು, ಬೇಲೂರು, ಹಳೇಬೀಡು, ಸಕಲೇಶಪುರ, ಅರಸೀಕೆರೆ ಎಲ್ಲ ಹಾಸನದ ಸುತ್ತ ಚೆಂದ ಬಂತು. ಓವರ್‌ಲ್ಯಾಪ್ ಫಾಲ್ಸ್ ಮಾತ್ರ ಕೊಡ್ಬೇಕು, ಇಲ್ದಿದ್ರೆ ಒಂದರ ಮೇಲೊಂದು ಬೀಳ್ತಾವೆ.

ಡಾಟ್ ಭಕ್ತ:
ಬೇಡ ಮಾರಾಯ, ನಿಯಾಟೋ ಸ್ಪ್ರಿಂಗ್ ಥರ ದೂರ ಲೆಕ್ಕ ಹಾಕುತ್ತೆ ಅಷ್ಟೇ, ಯಾವ್ದು ಮೊದಲು ಯಾವ್ದು ಆಮೇಲೆ ಅಂತ ಅದಕ್ಕೆ ಗೊತ್ತಿಲ್ಲ. ಬಸ್ಸಿಗೆ ಸರಿ, ಹಂತ ಹಂತದ ಕೆಲಸಕ್ಕೆ ನೀವೀಗ ಬಳಸ್ತಿರೋ ಡಾಟ್ ಅನ್ನೋ ಜೋಡಣೆನೇ ಬೇಕು.
ಈಗ ನಿಮ್ಮ ಬಾಣ. ಡಾಟ್ ಮೊದಲು ಸುತ್ತು (ಬಾಣ ಹಿಡಿದು ಹೋದ್ರೆ ಹೊರಟಲ್ಲಿಗೇ ಬರೋದು) ಇದ್ರೆ ಯಾವ್ದೋ ಒಂದು ಬಾಣ ಲೆಕ್ಕದಲ್ಲಿ ತಿರುಗಿಸಿ ಸುತ್ತು ಒಡೆಯುತ್ತೆ, ಆಮೇಲೆ ಹಂತ ಹಾಕುತ್ತೆ. ಯಾವ ಬಾಣ ಅನ್ನೋದು ಫೈಲಲ್ಲಿ ಬರೆದಿರೋ ಕ್ರಮದ ಮೇಲೆ ಹೋಗುತ್ತೆ. ನೀವು ತೇವದಿಂದ ಕಣಕ್ಕೆ ಅನ್ನೋದೇ ಮೊದಲು ಬರೆದ್ರಲ್ಲ, ಅದು ಅದನ್ನೇ ನಿಜವಾದ ದಾರಿ ಅಂದ್ಕೊಂಡು ತೇವವನ್ನ ಕಣಕ್ಕಿಂತ ಮುಂಚೆ ಇಟ್ಟಿದೆ, ಹಂಗಾಗಿ ತೇವದ ಮುಂದಿನ ಹಂತದಲ್ಲಿ ಕಣ, ಗೋಡೌನ್ ಎರಡೂ ಜೊತೆಗೆ. ಆ ಒಂದು ಬಾಣಕ್ಕೆ ಕನ್‌ಸ್ಟ್ರೈಂಟ್ ಫಾಲ್ಸ್ ಹಾಕಿ, ಬಾಣ ಇರುತ್ತೆ, ಹಂತದ ಲೆಕ್ಕಕ್ಕೆ ಮಾತ್ರ ಬರಲ್ಲ.
ನೋಡ್‌ಸೆಪ್ ವಿಷಯ: ಅದು ಒಂದೇ ಹಂತದ ಬಾಕ್ಸ್‌ಗಳ ನಡುವಿನ ಜಾಗ, ಸುಮ್ನೆ ಬಿಟ್ರೆ 0.25 ಇಂಚು. ಹಂತ ಹಂತದ ನಡುವಿಂದು ರ‍್ಯಾಂಕ್‌ಸೆಪ್, 0.5 ಇಂಚು. ಎಲ್‌ಆರ್ ಮಾಡಿದ್ಮೇಲೆ ಹಂತಗಳು ಅಡ್ಡಕ್ಕೆ ಹೋಗೋದ್ರಿಂದ ನಿಮಗೆ ಬೇಕಿರೋದು ರ‍್ಯಾಂಕ್‌ಸೆಪ್. ನಾನೂ ಇದರಲ್ಲಿ ಒಂದು ಸಂಜೆ ಹಾಳು ಮಾಡಿದೀನಿ.

ಮೂಡಿಗೆರೆ ಮಳೆ:
ಕಣ ಜಾಗಕ್ಕೆ ಬಂತು ಅಣ್ಣ!! ಈಗ ಬಾಣ ನೇರ ನೇರ ಇರ್ಲಿ ಅಂತ ಸ್ಪ್ಲೈನ್ಸ್ ಆರ್ಥೋ ಮಾಡಿದೆ, "ಇನ್ನೂ ಒದ್ದೆ" ಅಂತ ಬಾಣದ ಮೇಲೆ ಬರೆದಿದ್ದು ಎಲ್ಲೋ ಹೋಗಿ ಬಿದ್ದಿದೆ. ಜೊತೆಗೆ ಕನ್ನಡ ಅಕ್ಷರ ಬಾಕ್ಸಿಂದ ಆಚೆ, "ತೊಟ್ಟಿ"ಯ ಒತ್ತು ಗೆರೆ ಮೇಲೇ ಕೂತಿದೆ.

ಡಾಟ್ ಭಕ್ತ:
ಆರ್ಥೋಗೂ ಲೇಬಲ್‌ಗೂ ಆಗಿಬರಲ್ಲ, ವಾರ್ನಿಂಗೂ ಕೊಟ್ಟಿರುತ್ತೆ, ನಾವು ಓದಲ್ಲ. ಲೇಬಲ್ ಬದ್ಲು ಎಕ್ಸ್‌ಲೇಬಲ್ (ಬಾಣದ ಪಕ್ಕ ಬೇರೆಯಾಗಿ ಇಡೋ ಬರಹ) ಹಾಕಿ, ಇಲ್ಲಾ ಆರ್ಥೋ ಬಿಟ್ಟು ಪಾಲಿಲೈನ್ (ಬಳುಕದ, ತುಂಡು ತುಂಡು ನೇರ ಗೆರೆ) ಮಾಡಿ. ನಾನಾಗಿದ್ರೆ ಪಾಲಿಲೈನ್.

ಅಕ್ಷರ ಹುಳ:
ಕನ್ನಡದ್ದು ನಾನು ಹೇಳ್ತೀನಿ. ಬಾಕ್ಸ್ ಅಗಲ ಲೆಕ್ಕ ಹಾಕುವಾಗ ಇದ್ದ ಫಾಂಟೇ ಬೇರೆ, ತೋರಿಸುವಾಗ ಇರೋದೇ ಬೇರೆ, ಎಸ್‌ವಿಜಿ ಚಿತ್ರದ ಫೈಲನ್ನ ಬ್ರೌಸರಲ್ಲಿ ತೆಗೆದ್ರೆ ಹಿಂಗೇ ಆಗೋದು. ಫಾಂಟ್‌ನೇಮ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಅಂತ ಕೊಟ್ಟು ಪಿಡಿಎಫ್ ತೆಗೀರಿ, ಬಾಕ್ಸಿಗೆ ಮಾರ್ಜಿನ್ ಸ್ವಲ್ಪ ಕೊಡಿ. ಬಾಣಗಳಿಗೂ ಫಾಂಟ್ ಬೇರೆ ಕೊಡ್ಬೇಕು, ಬಾಕ್ಸಿಗೆ ಕೊಟ್ಟಿದ್ದು ಅವಕ್ಕೆ ತಾಗಲ್ಲ.

ಮೂಡಿಗೆರೆ ಮಳೆ:
ಪಾಲಿಲೈನ್, ಪಿಡಿಎಫ್, ಎಲ್ಲ ಸರಿ ಹೋಯ್ತು. ಎ4ಗೆ ಹಿಡಿಸಲಿ ಅಂತ ಸೈಜ್ ಕಮ್ಮಿ ಕೊಟ್ರೆ ಅಕ್ಷರನೂ ಇರುವೆ ಥರ ಆಯ್ತು, ಕೊನೆಗೆ ರ‍್ಯಾಂಕ್‌ಡಿರ್ ಟಿಬಿ (ಮೇಲಿಂದ ಕೆಳಕ್ಕೆ) ಮಾಡಿ ಉದ್ದಕ್ಕೇ ಪ್ರಿಂಟ್ ಹಾಕ್ಸಿದೆ. ತೋಟದ ರೈಟರ್ (ಲೆಕ್ಕ, ಕೆಲಸ ನೋಡ್ಕೊಳ್ಳೋರು) ನೋಡಿ, ನೀರಲ್ಲಿ ತೇಲೋ ಹಣ್ಣು ಎಲ್ಲಿಗೆ ಹೋಗುತ್ತೆ ಅಂತ ಬರೆದೇ ಇಲ್ವಲ್ಲ ಅಂದ್ರು. ನಾಳೆ ಇನ್ನೊಂದು ಬಾಣ.