ವಕೀಲರನ್ನು ಕೇಳಿ: ದಾನಿಯ ಗುಟ್ಟು ಯಾರದು?

ದಾವಣಗೆರೆಯ ತಾಯಿ: ಮೇಡಂ, ನನ್ನ ಮಗಳು 2017ರಲ್ಲಿ ದಾನಿಯ ಅಂಡಾಣುವಿನಿಂದ ಹುಟ್ಟಿದವಳು. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ‘ತಾಯಿಯ ಕಡೆ ಯಾರಿಗಾದರೂ ಹೀಗಿತ್ತೇ?’ ಎಂದು ವೈದ್ಯರು ಕೇಳಿದಾಗ ಪಕ್ಕದಲ್ಲೇ ಅತ್ತೆ ಕುಳಿತಿದ್ದರು. ‘ಇಲ್ಲ’ ಎಂದುಬಿಟ್ಟೆ. ಐವಿಎಫ್ ಆಸ್ಪತ್ರೆಯವರು ಫೈಲು ಕೊಡುತ್ತಿಲ್ಲ.

ವಕೀಲೆ: ಮೊದಲು ನೀವೊಬ್ಬರೇ ಹೋಗಿ ವೈದ್ಯರಿಗೆ ನಿಜ ಹೇಳಿ. ನಿಮ್ಮ ‘ಇಲ್ಲ’ವನ್ನು ನಂಬಿ ಚಿಕಿತ್ಸೆ ನಡೆಯುತ್ತಿದೆ. 2022ರ ಜನವರಿ 25ರಿಂದ ಜಾರಿಯಲ್ಲಿರುವ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಲ್ಲಿ ದಾನಿಯ ವಿವರ ಗೋಪ್ಯ. ವೈದ್ಯಕೀಯ ತುರ್ತಿನಲ್ಲಿ ದಂಪತಿ ಕೋರಿದರೆ, ಇಲ್ಲವೇ ನ್ಯಾಯಾಲಯ ಆದೇಶಿಸಿದರೆ ವಿನಾಯಿತಿ ಇದೆ. ನಿಮ್ಮದು ಅದಕ್ಕೂ ಹಿಂದಿನದು. ಆಗ ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2005ರ ಮಾರ್ಗಸೂಚಿ, ಅದಕ್ಕೆ ಕಾಯ್ದೆಯ ಬಲವಿಲ್ಲ. ಆಸ್ಪತ್ರೆ ದಾಖಲೆಯನ್ನು ಕನಿಷ್ಠ 10 ವರ್ಷ ಇಡಬೇಕು. ಮಗು 18 ತುಂಬಿದ ಮೇಲೆ ಹೆಸರು, ವಿಳಾಸ ಬಿಟ್ಟು ಉಳಿದದ್ದನ್ನು ಕೇಳಬಹುದು ಎನ್ನುತ್ತದೆ. ನನ್ನನ್ನು ಕಾಡುವುದು ನಡುವಿನ ಆ 8 ವರ್ಷ, ಅಷ್ಟರಲ್ಲಿ ದಾಖಲೆಯೇ ಉಳಿಯದೇ ಹೋಗಬಹುದು. ಕೂಡಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ದಾನಿಯ ಹೆಸರು ಕೇಳಬೇಡಿ. ಆಕೆಯ ತಪಾಸಣೆಯ ವರದಿ, ಕುಟುಂಬದ ಕಾಯಿಲೆಗಳ ವಿವರವಷ್ಟೇ ಕೇಳಿ. ತಜ್ಞರ ಪತ್ರ ಲಗತ್ತಿಸಿ. ಆಗಲೂ ಕೊಡದಿದ್ದರೆ ಹೈಕೋರ್ಟ್.

ಹಾಸನದ ಸದಸ್ಯ: ಫಾರ್ವರ್ಡ್ ಬಂದಿದೆ: ‘ಮೈದುನನೇ ವೀರ್ಯ ದಾನಿಯಾಗಲಿ, 100 ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕು.’ ಸರಿಯೇ?

ವಕೀಲೆ: ತಪ್ಪು. ನೋಂದಾಯಿತ ವೀರ್ಯ ಬ್ಯಾಂಕಿನಿಂದಲೇ ಪಡೆಯಬೇಕು. ಛಾಪಾ ಕಾಗದ ಎಚ್‌ಐವಿ ಪರೀಕ್ಷೆ ಮಾಡುವುದಿಲ್ಲ.

ಹಳೆಯ ದಾನಿ: ವಿದ್ಯಾರ್ಥಿಯಾಗಿದ್ದಾಗ, 2011ರಲ್ಲಿ, ವೀರ್ಯ ಕೊಟ್ಟಿದ್ದೆ. ಡಿಎನ್‌ಎ ಕಿಟ್ ಮೂಲಕ ಮಗು ನನ್ನನ್ನು ಪತ್ತೆ ಹಚ್ಚಿದರೆ?

ತುಮಕೂರಿನ ಸದಸ್ಯೆ: ಮಗು ತನ್ನದೆಂದು ದಾನಿ ಬಂದರೆ?

ವಕೀಲೆ: ಹಕ್ಕಿಲ್ಲ, ಎಆರ್‌ಟಿ ಕಾಯ್ದೆಯ ಕಲಂ 31. ಪತ್ನಿಯ ತಂಗಿಯೇ ಅಂಡಾಣು ಕೊಟ್ಟಿದ್ದ ಪ್ರಕರಣದಲ್ಲೂ ಬಾಂಬೆ ಹೈಕೋರ್ಟ್ 2024ರಲ್ಲಿ ದಾನಿಗೆ ಹಕ್ಕಿಲ್ಲವೆಂದಿತು.

ಮಂಡ್ಯದ ಸದಸ್ಯ: ಮೈದುನ ಕೊಡಬಹುದೇ ಮೇಡಂ?

ವಕೀಲೆ: ಮೇಲೆ ಓದಿ.

ಧಾರವಾಡದ ಸದಸ್ಯೆ: ದಾವಣಗೆರೆಯವರೇ, ಮಗಳಿಗೂ ಹೇಳಿಬಿಡಿ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್‌ನಿಂದ ನೋಂದಾಯಿಸಿದ ದಾನಿಗಳ ಹೆಸರನ್ನೇ ಮಕ್ಕಳು 18 ತುಂಬಿದ ಮೇಲೆ ಕೇಳಬಹುದು.

ಮೈಸೂರಿನ ಹಿರಿಯರು: ಬ್ರಿಟನ್ನಿನಲ್ಲಿ ಅತ್ತೆ, ನಾದಿನಿ ಒಂದೇ ಸೂರಿನಡಿ ಇರುವುದಿಲ್ಲ ತಾಯಿ. ಮನೆಯ ಮಾತು ಮನೆಯಲ್ಲಿರಲಿ.

ಧಾರವಾಡದ ಸದಸ್ಯೆ: ಕರ್ಣನಿಗೂ ಯುದ್ಧ ಹತ್ತಿರ ಬಂದ ಮೇಲೆಯೇ ಹೇಳಿದ್ದು.

ಮೈಸೂರಿನ ಹಿರಿಯರು: ನಿಮಗೆ ಮಕ್ಕಳಿದ್ದಾರೆಯೇ?

ಧಾರವಾಡದ ಸದಸ್ಯೆ: ಇಲ್ಲ. ಅದಕ್ಕೇ ಈ ಗುಂಪಿನಲ್ಲಿದ್ದೇನೆ. ನೀವೇಕೆ ಇದ್ದೀರಿ?

ವಕೀಲೆ: ಜಗಳ ಬೇರೆಡೆ ಇಟ್ಟುಕೊಳ್ಳಿ. ದಾವಣಗೆರೆಯವರೇ, ಒಪ್ಪಿಗೆ ಪತ್ರದ ಪ್ರತಿ, ರಸೀದಿ ಏನಾದರೂ ಉಳಿದಿವೆಯೇ?

ಹಾಸನದ ಸದಸ್ಯ: ಛಾಪಾ ಕಾಗದ 200 ರೂಪಾಯಿಯದಾದರೆ?

ಹಳೆಯ ದಾನಿ: ನನ್ನ ಪ್ರಶ್ನೆ ಯಾರಿಗೂ ಕಾಣಲಿಲ್ಲವೇ?

ದಾವಣಗೆರೆಯ ತಾಯಿ: ಒಪ್ಪಿಗೆ ಪತ್ರ ಇದೆ ಮೇಡಂ. ಫೋಟೊ ಹಾಕಲೇ?

ವಕೀಲೆ: ಇಲ್ಲಿ ಖಂಡಿತ ಬೇಡ. ನನಗೊಬ್ಬಳಿಗೇ ಕಳುಹಿಸಿ.